ಕುಂಬಳಕಾಯಿಯ ನಡತೆ ಪ್ರಮಾಣಪತ್ರ

ತರಕಾರಿ ಮಾರುಕಟ್ಟೆಯಲ್ಲಿ ಪೊಲೀಸ್ ಪರಿಶೀಲನೆ ನಡೆಸಿದರೆ ಸಿಹಿಗುಂಬಳಕಾಯಿಯ ಮೇಲೆ ಒಂದೇ ಒಂದು ದೂರು ಸಿಗಲಾರದು. ನೂರು ಗ್ರಾಂ ಹಸಿ ಹೋಳಿನಲ್ಲಿ ಸುಮಾರು 26 ಕ್ಯಾಲೊರಿ. ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬರೀ ನೀರು. ಕೊಬ್ಬು ಇಲ್ಲವೆಂದೇ ಹೇಳಬೇಕು. ಆ ಕೇಸರಿ ಬಣ್ಣವೂ ಮೇಕಪ್ಪಲ್ಲ, ಬೀಟಾ ಕೆರೊಟಿನ್. ದೇಹ ಅದನ್ನು ಎ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ. ಇಷ್ಟು ಶುದ್ಧಹಸ್ತರು ಸಿಕ್ಕಾಗ ನಮ್ಮ ರಾಜಕಾರಣದಲ್ಲಿ ಏನು ಮಾಡುತ್ತಾರೋ ಅಡುಗೆಮನೆಯಲ್ಲೂ ಅದನ್ನೇ ಮಾಡಿದರು: ಹಿಡಿದು ತಂದು ನಿಗಮದ ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರು. ಹೊರಗಿನ ಬೋರ್ಡಿನ ಮೇಲೆ ಪ್ರಾಮಾಣಿಕರ ಹೆಸರು, ಒಳಗೆ ಕಡತ ವಿಲೇವಾರಿ ಮಾಡುವವರು ಬೇರೆ. ಈಗ ಮನೆಮನೆಯಲ್ಲೂ ತಯಾರಾಗುತ್ತಿರುವ 'ಹೆಲ್ದಿ, ಲೋ ಕ್ಯಾಲೊರಿ ಪಂಪ್ಕಿನ್ ಡೆಸರ್ಟ್' ಎಂಬ ನಿಗಮದಲ್ಲಿ ನಿರ್ದೇಶಕರು ಯಾರು ಯಾರು, ಯಾರ ಪಾಲು ಎಷ್ಟು ಎಂದು ಒಮ್ಮೆ ವಿಚಾರಿಸಬೇಕು.

ಅದಕ್ಕೂ ಮೊದಲು ಅಧ್ಯಕ್ಷರ ಪೂರ್ವಾಪರ. ಕುಂಬಳಕಾಯಿಗೆ ಈ ನಾಡಿನಲ್ಲಿ ಮರ್ಯಾದೆ ಇದ್ದದ್ದು ಅಷ್ಟಕ್ಕಷ್ಟೇ. ಕಳ್ಳನನ್ನು ಹಿಡಿಯುವ ಗಾದೆಗೂ ಅದೇ ಬೇಕಾಯಿತು. ಅದರ ಸೋದರಸಂಬಂಧಿ ಬೂದುಗುಂಬಳವನ್ನಂತೂ ಹೊಸ ಮನೆಯ ಮುಂದೆ ತಲೆಕೆಳಗಾಗಿ ನೇತುಹಾಕುತ್ತೇವೆ. ಆಯುಧಪೂಜೆಯ ಸಂಜೆ ಬೆಂಗಳೂರಿನ ನಡುರಸ್ತೆಯಲ್ಲಿ ಒಡೆದು, ಕುಂಕುಮ ಸುರಿದು, ಹಿಂದೆ ಬರುವ ಸ್ಕೂಟರಿನವರ ಆಯುಷ್ಯಕ್ಕೆ ಬಿಟ್ಟು ಹೋಗುತ್ತೇವೆ. ಸಿನಿಮಾದವರು ಚಿತ್ರೀಕರಣ ಮುಗಿದ ದಿನ ಅದನ್ನೇ ಒಡೆಯುತ್ತಾರೆ. ಸಿಹಿಗುಂಬಳದ ಪಾಲಿಗೆ ಬಂದದ್ದು ಸಂಕ್ರಾಂತಿಯ ಪಲ್ಯ, ಗೊಜ್ಜು, ಮದುವೆಮನೆಯ ಹುಳಿ. ಊಟ ಮುಗಿದ ಎಲೆಯಂಚಿನಲ್ಲಿ ಗಂಡಸರು ಸಾಲಾಗಿ ಜೋಡಿಸಿಟ್ಟು ಹೋಗುತ್ತಿದ್ದದ್ದೂ ಆ ಹೋಳುಗಳನ್ನೇ.

ಈಗ ಅದೇ ಹೋಳಿಗೆ ದೆಸೆ ತಿರುಗಿದೆ. ಮೂಲತಃ ಅಮೆರಿಕ ಖಂಡದ ಬಳ್ಳಿ; ಶತಮಾನಗಳ ಹಿಂದೆ ಕಡಲು ದಾಟಿ ಬಂದು ನಮ್ಮ ಹಿತ್ತಲಿನ ತಿಪ್ಪೆಯ ಮೇಲೆ ಹಬ್ಬಿ, ನಮ್ಮದೇ ಆಗಿಹೋಗಿತ್ತು. ಇಷ್ಟು ವರ್ಷ ಅದರ ಮುಖ ನೋಡದವರಿಗೆ, ಅಮೆರಿಕದಿಂದ ಅದೇ ಕಾಯಿಯ ಫೋಟೋ ಮೊಬೈಲಿಗೆ ಬಂದ ಮೇಲೆ ಜ್ಞಾನೋದಯವಾಯಿತು. ಅಲ್ಲಿ ಪಂಪ್ಕಿನ್ ಸ್ಪೈಸ್ ಎಂಬುದೊಂದು ಇದೆ: ಚಕ್ಕೆ, ಶುಂಠಿ, ಜಾಯಿಕಾಯಿ, ಲವಂಗ. ನಮ್ಮ ಸಾಂಬಾರ ಡಬ್ಬಿಯ ಸದಸ್ಯರೇ, ವೀಸಾ ಪಡೆದು ಹೋದವರು. ಸ್ಟಾರ್‌ಬಕ್ಸ್ ಆ ಹೆಸರಿನ ಕಾಫಿಯನ್ನು 2003ರಲ್ಲಿ ತಂದಿತು. ಅದರೊಳಗೆ ನಿಜವಾದ ಕುಂಬಳಕಾಯಿ ಸೇರಿದ್ದು 2015ರಲ್ಲಿ. ಹನ್ನೆರಡು ವರ್ಷ ಜನ ಕುಂಬಳಕಾಯಿಯ ಹೆಸರನ್ನಷ್ಟೇ ಕುಡಿದರು, ಯಾರಿಗೂ ಏನೂ ಆಗಲಿಲ್ಲ. ಹೆಸರು ಸಾಕು ಎಂಬ ಸೂತ್ರ ಅಲ್ಲೇ ಸಾಬೀತಾಗಿತ್ತು.

ನಮ್ಮಲ್ಲಿ ಮೊಬೈಲಿನ ಪರದೆಯ ಮೇಲೆ ಈ ಸಿಹಿ ಮಾಡಿ ತೋರಿಸುವವರು ಏನು ಹಾಕುತ್ತೇವೆ ಎಂದು ಶುರು ಮಾಡುವುದಿಲ್ಲ, ಏನು ಹಾಕುವುದಿಲ್ಲ ಎಂದು ಶುರು ಮಾಡುತ್ತಾರೆ. ಸಕ್ಕರೆ ಇಲ್ಲ, ಮೈದಾ ಇಲ್ಲ, ತುಪ್ಪ ಇಲ್ಲ, ಹಾಲು ಇಲ್ಲ, ಕೊನೆಗೆ ಒಲೆಯೂ ಇಲ್ಲ. ಬೃಹದಾರಣ್ಯಕ ಉಪನಿಷತ್ತಿನ ಋಷಿಗಳು ನೇತಿ ನೇತಿ ಎನ್ನುತ್ತ ಹೋಗಿ ಬ್ರಹ್ಮವನ್ನು ಮುಟ್ಟಿದರು. ಇವರು ಅದೇ ದಾರಿಯಲ್ಲಿ ನಡೆದು ಬಾದಾಮಿ ಹಿಟ್ಟನ್ನು ಮುಟ್ಟುತ್ತಾರೆ. ಬಾದಾಮಿ ಹಿಟ್ಟು, ಖರ್ಜೂರದ ಪೇಸ್ಟು, ಕಾಡುಜೇನು, ಗಾಣದ ಕೊಬ್ಬರಿ ಎಣ್ಣೆ, ಡಾರ್ಕ್ ಚಾಕೊಲೇಟು. ಇಷ್ಟಾದ ಮೇಲೆ ಅಧ್ಯಕ್ಷರು, ಅಂದರೆ ಅರ್ಧ ಕೆಜಿ ಕುಂಬಳಕಾಯಿ, ಮಿಕ್ಸಿಯಲ್ಲಿ ನುಣ್ಣಗೆ ತಿರುಗಿ ಎಲ್ಲರ ನಡುವೆ ಕಾಣದಂತೆ ಕೂರುತ್ತಾರೆ. ಕೊನೆಯಲ್ಲಿ ಮೇಲೆ ಒಂದು ಹಿಡಿ ಪಂಪ್ಕಿನ್ ಸೀಡ್ಸ್. ಈ ಬೀಜ ಕೈಲಿರುವ ಕುಂಬಳಕಾಯಿಯದಲ್ಲ. ಅದರ ಬೀಜವನ್ನು ಹೊಟ್ಟೆಯ ನಾರಿನ ಸಮೇತ ಕೆರೆದು ಹಸಿ ಕಸದ ಬುಟ್ಟಿಗೆ ಹಾಕಿ ಆಗಿದೆ. ಇದು ಜಿಪ್ ಇರುವ ಪೊಟ್ಟಣದಲ್ಲಿ ಮನೆಬಾಗಿಲಿಗೆ ಬಂದದ್ದು. ನೂರು ಗ್ರಾಮಿಗೆ ಸುಮಾರು 560 ಕ್ಯಾಲೊರಿ ಎಂದು ಅದರ ಬೆನ್ನ ಮೇಲೇ ಬರೆದಿರುತ್ತದೆ, ಆದರೆ ಬೆನ್ನು ನೋಡುವ ಅಭ್ಯಾಸ ನಮಗಿಲ್ಲ.

ಈಗ ಲೆಕ್ಕ ಪರಿಶೋಧನೆ. ಸಕ್ಕರೆ ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬು ಯಾವುದೇ ಇರಲಿ ಗ್ರಾಮಿಗೆ 9. ಈ ಎರಡು ಅಂಕಿ ಗೊತ್ತಿದ್ದರೆ ಅರ್ಧ ತನಿಖೆ ಮುಗಿಯಿತು.

ಮೊದಲು ಆರೋಪಿ ಸ್ಥಾನದಲ್ಲಿರುವ ಹಳೆಯ ಹಲ್ವ. ಅರ್ಧ ಕೆಜಿ ಕುಂಬಳಕಾಯಿ ತುರಿಗೆ 130 ಕ್ಯಾಲೊರಿ. 200 ಗ್ರಾಂ ಸಕ್ಕರೆಗೆ 800. ನಾಲ್ಕು ದೊಡ್ಡ ಚಮಚ, ಅಂದರೆ 60 ಗ್ರಾಂ ತುಪ್ಪಕ್ಕೆ 540. ಹುರಿದು ಹಾಕುವ 25 ಗ್ರಾಂ ಗೋಡಂಬಿಗೆ 140. ಒಟ್ಟು 1,610. ಹಬ್ಬದ ದಿನ ಎಂಟು ಜನರ ಎಲೆಗೆ ಬಡಿಸಿದರೆ ತಲೆಗೆ 200ರ ಆಸುಪಾಸು. ಅಪರಾಧ ಸಾಬೀತು, ಒಪ್ಪೋಣ.

ಇನ್ನು ಜಾಮೀನಿನ ಮೇಲೆ ಹೊರಗಿರುವ ಆರೋಗ್ಯಕರ ಬ್ರೌನಿ. ಕುಂಬಳಕಾಯಿ ಅದೇ 130. ಖರ್ಜೂರ ಕಾಲು ಕೆಜಿ, 700. ಜೇನು ಮೂರು ದೊಡ್ಡ ಚಮಚ, 180. ಬಾದಾಮಿ ಹಿಟ್ಟು 150 ಗ್ರಾಂ, 870. ತುಪ್ಪ ಮಹಾಪಾಪ ಎಂದು ಅದರ ಜಾಗಕ್ಕೆ ತಂದ ಕೊಬ್ಬರಿ ಎಣ್ಣೆ 60 ಗ್ರಾಂ, ಅದೇ 540. ಡಾರ್ಕ್ ಚಾಕೊಲೇಟು 50 ಗ್ರಾಂ, 300. ಒಟ್ಟು 2,720. ಕಡಿಮೆ ಕ್ಯಾಲೊರಿಯ ಸಿಹಿ ಹೆಚ್ಚು ಕ್ಯಾಲೊರಿಯ ಸಿಹಿಗಿಂತ ಸಾವಿರದ ನೂರಹತ್ತು ಕ್ಯಾಲೊರಿ ಮುಂದಿದೆ. ಬೀಜದ ಲೆಕ್ಕ ಬಿಟ್ಟಿದ್ದೇನೆ, ಅದು ಅಲಂಕಾರದ ಖಾತೆಗೆ ಹೋಗಲಿ.

ಸಕ್ಕರೆ ಇಲ್ಲ ಎಂಬ ಘೋಷಣೆಯ ಕಥೆ ಇದಕ್ಕಿಂತ ಸ್ವಾರಸ್ಯ. ಖರ್ಜೂರದ ತೂಕದಲ್ಲಿ ಹತ್ತಿರಹತ್ತಿರ ಮೂರನೇ ಎರಡು ಪಾಲು ಸಕ್ಕರೆಯೇ, ಜೇನಿನಲ್ಲಿ ಐದನೇ ನಾಲ್ಕು ಪಾಲು. ಕಾಲು ಕೆಜಿ ಖರ್ಜೂರದಿಂದ 160 ಗ್ರಾಂ, ಜೇನಿನಿಂದ 48. ಕೂಡಿದರೆ 208 ಗ್ರಾಂ. ಸಕ್ಕರೆ ಹಾಕಿದ ಹಲ್ವದಲ್ಲಿ ಇದ್ದದ್ದು 200. ಸಕ್ಕರೆ ಬಿಟ್ಟ ಸಿಹಿಯಲ್ಲಿ ಸಕ್ಕರೆ ಎಂಟು ಗ್ರಾಂ ಹೆಚ್ಚು. ಡಬ್ಬಿ ಬೇರೆ, ಅಷ್ಟೇ. ಖರ್ಜೂರದಲ್ಲಿ ನಾರಿದೆ, ಬಾದಾಮಿಯಲ್ಲಿ ಪ್ರೋಟೀನ್ ಇದೆ ಎಂದು ಯಾರಾದರೂ ವಕಾಲತ್ತು ವಹಿಸಬಹುದು. ನಿಜ, ಇದೆ. ಹಾಗಾದರೆ ಅದನ್ನು 'ನಾರು, ಪ್ರೋಟೀನ್ ಇರುವ ಭಾರೀ ತಿಂಡಿ' ಎಂದು ಕರೆದು ಊಟದ ಬದಲು ತಿನ್ನಿ. ಊಟ ಮುಗಿಸಿ, ಮೇಲೆ ಮಜ್ಜಿಗೆ ಅನ್ನವನ್ನೂ ಉಂಡು, ಕೊನೆಯಲ್ಲಿ ಹಗುರವಾಗಿರಲಿ ಎಂದು ತಿನ್ನುವ ಪದಾರ್ಥವಲ್ಲ ಇದು.

ಕಾನೂನು ಏನು ಹೇಳುತ್ತದೆ? ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿ ಪ್ರಕಾರ ಪೊಟ್ಟಣದ ಮೇಲೆ 'ಲೋ ಕ್ಯಾಲೊರಿ' ಎಂದು ಅಚ್ಚು ಹಾಕಬೇಕಾದರೆ ಗಟ್ಟಿ ಪದಾರ್ಥವಾದರೆ ನೂರು ಗ್ರಾಮಿಗೆ 40 ಕ್ಯಾಲೊರಿ ಮೀರಬಾರದು, ದ್ರವವಾದರೆ ನೂರು ಮಿಲಿಲೀಟರಿಗೆ 20. ಈ ಪರೀಕ್ಷೆಯಲ್ಲಿ ಹಸಿ ಕುಂಬಳಕಾಯಿ ಸಲೀಸಾಗಿ ಪಾಸು. ಬೇಯಿಸಿದರೂ ಪಾಸು. ಅದಕ್ಕೆ ನೀವು ಪ್ರೀತಿಯಿಂದ ಸೇರಿಸುವ ಮೊದಲನೇ ಪದಾರ್ಥಕ್ಕೇ ಫೇಲು. ಅಂದರೆ ಭಾರತದ ಕಾಯಿದೆಗೆ ಒಪ್ಪುವ ಕಡಿಮೆ ಕ್ಯಾಲೊರಿಯ ಕುಂಬಳಕಾಯಿ ಸಿಹಿತಿಂಡಿ ಒಂದೇ: ಬೇಯಿಸಿದ ಕುಂಬಳಕಾಯಿ. ಅದೃಷ್ಟಕ್ಕೆ ಈ ನಿಯಮ ಆಹಾರದ ವ್ಯಾಪಾರಕ್ಕೆ ಮಾತ್ರ. ಅಡುಗೆಮನೆಗೆ ಇನ್ಸ್‌ಪೆಕ್ಟರು ಬರುವುದಿಲ್ಲ. ಅಲ್ಲಿ ಏನನ್ನು ಬೇಕಾದರೂ ಲೋ ಎನ್ನಬಹುದು.

ನಿರ್ದೇಶಕ ಮಂಡಳಿಯಲ್ಲಿ ಬೆಲ್ಲದ ಸ್ಥಾನ ವಿಶೇಷವಾದದ್ದು. ಬೆಲ್ಲಕ್ಕೆ ದೇಶಪ್ರೇಮದ ಕೋಟಾ ಇದೆ. ಅದು ಮಂಡ್ಯದ ಆಲೆಮನೆಯಿಂದ ಬಂದದ್ದು, ಕಪ್ಪಗಿದೆ, ಅಂಟಂಟಾಗಿದೆ, ನೋಡಲು ಬಡವರ ಹಾಗಿದೆ. ಹಾಗಾಗಿ ಅದರಿಂದ ಮೈ ಬರುವುದಿಲ್ಲ ಎಂಬುದು ನಗರವಾಸಿಗಳ ದೃಢ ನಂಬಿಕೆ. ಕಬ್ಬಿಣ, ಖನಿಜ ಒಂದಿಷ್ಟು ಇರಬಹುದು. ಉಳಿದದ್ದು ಬಹುಪಾಲು ಸಕ್ಕರೆಯ ಅಂಶವೇ, ಕ್ಯಾಲೊರಿಯೂ ಗ್ರಾಮಿಗೆ 4ರ ಹತ್ತಿರವೇ. ಒಂದೇ ಕಬ್ಬಿನ ಮಕ್ಕಳಲ್ಲಿ ಒಬ್ಬನಿಗೆ ಬಿಳಿ ಅಂಗಿ ತೊಡಿಸಿ ವಿಲನ್ ಮಾಡಿದ್ದೇವೆ, ಇನ್ನೊಬ್ಬನಿಗೆ ಖಾದಿ ತೊಡಿಸಿ ಗಾಂಧಿವಾದಿ ಮಾಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಮಿನ ಒಳಗಿದ್ದರೆ ಒಳ್ಳೆಯದು ಎಂದಾಗ ಜೇನನ್ನೂ ಅದೇ ಪಟ್ಟಿಗೆ ಸೇರಿಸಿತ್ತು. ನಮ್ಮ ಮನೆಗಳಲ್ಲಿ ಮಾತ್ರ ಜೇನು ಇನ್ನೂ ಔಷಧಿ ಡಬ್ಬಿಯಲ್ಲೇ ಇದೆ.

ಹಾಗಾದರೆ ಶುಗರ್‌ಫ್ರೀ ಡ್ರಾಪ್ಸ್, ಸ್ಟೀವಿಯಾ ಪುಡಿ? ಲೆಕ್ಕಕ್ಕೆ ಸೊನ್ನೆ ಬರುತ್ತದೆ, ಒಪ್ಪಿದೆ. ಆದರೆ ತೂಕ ಇಳಿಸುವ ಉಪಾಯವಾಗಿ ಇವನ್ನು ನೆಚ್ಚಿಕೊಳ್ಳಬೇಡಿ ಎಂದು ಅದೇ ಸಂಸ್ಥೆ 2023ರಲ್ಲಿ ಹೇಳಿದೆ. ಅಡುಗೆಯವರ ತಕರಾರು ಬೇರೆ. ಸಕ್ಕರೆ ಹಲ್ವಕ್ಕೆ ಮೈ ಕೊಡುತ್ತದೆ, ಹೊಳಪು ಕೊಡುತ್ತದೆ. ಸ್ಟೀವಿಯಾ ನಾಲಿಗೆಯ ತುದಿಗೆ ಸಿಹಿ ತಗುಲಿಸಿ, ಹಿಂಭಾಗಕ್ಕೆ ಕಹಿ ಒರೆಸಿ ಹೋಗುತ್ತದೆ. ಅಂಥ ಹಲ್ವವನ್ನು ಒಂದು ಚಮಚಕ್ಕಿಂತ ಹೆಚ್ಚು ತಿನ್ನಲಾಗುವುದಿಲ್ಲ. ಕ್ಯಾಲೊರಿ ಉಳಿತಾಯ ಆಗುವುದಿದ್ದರೆ ಅದು ಅಲ್ಲೇ.

ತುಪ್ಪದ ವಿಷಯದಲ್ಲಂತೂ ನಮ್ಮ ಶಿಸ್ತು ವಿಪರೀತಕ್ಕೆ ಹೋಯಿತು. ಯಾವ ಬೀಟಾ ಕೆರೊಟಿನ್‌ಗಾಗಿ ಕುಂಬಳಕಾಯಿಯನ್ನು ಹೊಗಳುತ್ತಿದ್ದೇವೋ ಅದು ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕು. ಒಂದು ಟೀ ಚಮಚ ತುಪ್ಪ ಸಾಕು. ಇಲ್ಲಿ ಎರಡೇ ಪಕ್ಷ: ಒಂದು ಹನಿಯೂ ಬೇಡ ಎನ್ನುವವರದು, ತುಪ್ಪ ಎಷ್ಟು ತಿಂದರೂ ಸೊಂಟ ಸಣ್ಣಗಾಗುತ್ತದೆ ಎಂದು ಕಾಫಿಗೂ ಸುರಿದುಕೊಳ್ಳುವವರದು. ಒಂದು ಚಮಚದವರು ಈ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡಿದ್ದಾರೆ.

ಇಷ್ಟೆಲ್ಲ ಸಿದ್ಧವಾಗಿ ಸಿಹಿ ಮೇಜಿಗೆ ಬಂದಾಗ ನಡೆಯುವುದು ಇದು.

"ಇದೇನೇ ಇದು, ಕರ್ರಗೆ?"

"ಕುಂಬಳಕಾಯಿ ಬ್ರೌನಿ ರೀ. ಶುಗರ್ ಇರೋರೂ ತಿನ್ನಬಹುದಂತೆ."

"ಹೌದಾ? ಹಾಗಾದ್ರೆ ಇನ್ನೆರಡು ಹಾಕು."

ಈ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇರಬಹುದು ಎಂದು ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ಅಷ್ಟು ಜನರ ಎದುರಿಗೆ ಕ್ಯಾಮೆರಾ ಇಟ್ಟು ನಗುನಗುತ್ತ 'ಶುಗರ್ ಇರೋರೂ ತಿನ್ನಬಹುದು' ಎನ್ನಲು ಯಾವ ವೈದ್ಯ ಪದವಿಯೂ ಬೇಕಿಲ್ಲ. ರಿಂಗ್ ಲೈಟ್ ಇದ್ದರೆ ಸಾಕು. ಹಲ್ವ ತಿನ್ನುವಾಗ ಕೈಗೊಂದು ಅಳುಕಿತ್ತು. ಎಂಟು ಪಾಲಾಗಬೇಕಾದ ಬ್ರೌನಿ, ಅಳುಕು ಹೋದ ಖುಷಿಗೆ ನಾಲ್ಕೇ ಪಾಲಾಗುತ್ತದೆ. 2,720ನ್ನು ನಾಲ್ಕರಿಂದ ಭಾಗಿಸಿದರೆ 680. ಹಲ್ವದ ಮೂರು ಪಾಲಿಗಿಂತ ಹೆಚ್ಚು ತಿಂದವರು ಕೈತೊಳೆದು, ವಾಚಿನ ಕಡೆ ನೋಡಿ, "ಇವತ್ತು ಸ್ವೀಟ್ ತಿನ್ನಲಿಲ್ಲ" ಎನ್ನುತ್ತಾರೆ.

ಇಷ್ಟು ಓದಿದ ಮೇಲೆ ಒಬ್ಬರು ಎದ್ದು ನಿಲ್ಲುತ್ತಾರೆಂದು ಗೊತ್ತು: ನಮ್ಮ ಅಜ್ಜಿಯರ ಕಾಲದ ಸಿಹಿಯೆಲ್ಲ ಆರೋಗ್ಯಕರವೇ ಆಗಿತ್ತು ಎನ್ನುವವರು. ಕೂತುಕೊಳ್ಳಿ ಸ್ವಾಮಿ. ಉತ್ತರ ಕರ್ನಾಟಕದ ಕುಂಬಳಕಾಯಿ ಗಾರಿಗೆಯನ್ನು ಅಜ್ಜಿ ಏರ್ ಫ್ರೈಯರಿನಲ್ಲಿ ಮಾಡಲಿಲ್ಲ, ಎಣ್ಣೆಯಲ್ಲೇ ಕರಿದಳು. ಮದುವೆಮನೆಯ ಕಾಶಿ ಹಲ್ವ ಬೂದುಗುಂಬಳದ್ದು. ತುರಿಯ ನೀರು ಹಿಂಡಿ, ಸಮಕ್ಕೆ ಸಮ ಸಕ್ಕರೆ ಸುರಿದು, ತುಪ್ಪ ಬಿಟ್ಟುಕೊಳ್ಳುವವರೆಗೆ ಭಟ್ಟರು ಸಟ್ಟುಗ ಆಡಿಸಿದ್ದು. ಹೊಳೆಯುವ ಆ ಕೇಸರಿ ಎಲ್ಲ ಕಡೆ ಕೇಸರಿ ಹೂವಿನದಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಅಂದು ಅದು ಮೈಗೆ ಹತ್ತದಿದ್ದರೆ ಅದಕ್ಕೆ ಕಾರಣ ಪಾಕವಿಧಾನವಲ್ಲ. ಪಂಕ್ತಿಯಲ್ಲಿ ಒಂದು ಸೌಟು ಬೀಳುತ್ತಿತ್ತು, ಮುಂದಿನ ಸೌಟಿಗೆ ಇನ್ನೊಂದು ಮದುವೆ ಆಗಬೇಕಿತ್ತು. ಗಂಡಸರಿಗೆ ಬಡಿಸಿ ಮುಗಿಯುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿತ್ತು. ಮಾಡಿದ ಅಜ್ಜಿಗೆ ಸಿಕ್ಕಿದ್ದು ಸೌಟಿಗೆ ಅಂಟಿದ್ದಷ್ಟೇ. ನಿಜವಾದ ಲೋ ಕ್ಯಾಲೊರಿ ಡಯಟ್ ಮಾಡಿದವಳು ಅವಳೊಬ್ಬಳೇ, ಅದೂ ಅವಳನ್ನು ಕೇಳದೆ. ಮೊಮ್ಮಗಳ ಕಾಲದಲ್ಲೂ ದೊಡ್ಡ ಬದಲಾವಣೆ ಇಲ್ಲ. ಮಾವನವರಿಗೆ ಸಕ್ಕರೆಯದ್ದು, ಗಂಡನಿಗೆ ಬೆಲ್ಲದ್ದು, ಮಕ್ಕಳಿಗೆ ಚಾಕೊಲೇಟಿನದ್ದು ಎಂದು ಒಂದೇ ಕುಂಬಳಕಾಯಿಯಲ್ಲಿ ಮೂರು ಬಾಣಲೆ ಇಟ್ಟು ನಿಂತಿರುವವಳು ಅವಳೇ. ಆ ನಿಲ್ಲುವಿಕೆಯಲ್ಲಿ ಕರಗುವ ಕ್ಯಾಲೊರಿಯನ್ನು ಯಾವ ರೆಸಿಪಿಯೂ ಕಳೆದು ತೋರಿಸುವುದಿಲ್ಲ.

ಹಾಗಂತ ಮನೆಯಲ್ಲಿ ಹಗುರವಾದ ಕುಂಬಳಕಾಯಿ ಸಿಹಿ ಮಾಡಲು ಆಗುವುದೇ ಇಲ್ಲವೇ? ಆಗುತ್ತದೆ. ಅದಕ್ಕೆ ಕಾಯಿಯನ್ನೇ ನಂಬಬೇಕು, ಅಷ್ಟೇ. ತೊಟ್ಟು ಒಣಗಿರುವ, ಸಿಪ್ಪೆಗೆ ಉಗುರು ಇಳಿಯದ, ಚೆನ್ನಾಗಿ ಬಲಿತು ಹಣ್ಣಾದ ಕಾಯಿ ಬೇಕು. ಅಂಗಡಿಯಲ್ಲಿ ಹೋಳು ಮಾಡಿಟ್ಟದ್ದಾದರೆ ಇನ್ನೂ ಒಳ್ಳೆಯದು, ಒಳಗಿನ ಬಣ್ಣ ಕಾಣುತ್ತದೆ. ಪೇಲವ ಹಳದಿ ಇದ್ದರೆ ಹುಳಿಗೆ ಹಾಕಿ, ಕಡು ಕೇಸರಿ ಇದ್ದರೆ ಪಾಯಸಕ್ಕೆ ತನ್ನಿ. ಅರ್ಧ ಕೆಜಿಯನ್ನು ಹಬೆಯಲ್ಲಿ ಬೇಯಿಸಿ. ಮೊದಲೇ ಮೈತುಂಬ ನೀರಿರುವುದನ್ನು ಮತ್ತೆ ನೀರಿನಲ್ಲಿ ಮುಳುಗಿಸಬೇಡಿ. ಮಸೆದು, ದಪ್ಪ ತಳದ ಬಾಣಲೆಯಲ್ಲಿ ಒಂದು ಟೀ ಚಮಚ ತುಪ್ಪ ಬಿಟ್ಟು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ. ನೀರು ಆರಿದಷ್ಟೂ ಕಾಯಿಯ ಸ್ವಂತ ಸಿಹಿ ಗಟ್ಟಿಯಾಗುತ್ತದೆ; ಎಲ್ಲರೂ ಅವಸರ ಮಾಡಿ ಕೆಡಿಸುವುದು ಈ ಹಂತವನ್ನೇ. ಚಿಟಿಕೆ ಉಪ್ಪು ಹಾಕಿ, ಇದ್ದ ಸಿಹಿ ಎದ್ದು ನಿಲ್ಲುತ್ತದೆ. ಐವತ್ತು ಗ್ರಾಂ ಬೆಲ್ಲ ಕರಗಿಸಿ ಸೋಸಿ, ಕಾಯಿ ಪೂರ್ತಿ ಬೆಂದ ಮೇಲೇ ಸೇರಿಸಿ. ಒಲೆಯಿಂದ ಇಳಿಸಿ, ಬಿಸಿ ತಗ್ಗಿದ ಮೇಲೆ ಕಾಯಿಸಿ ಆರಿಸಿದ ಕಾಲು ಲೀಟರ್ ಡಬಲ್ ಟೋನ್ಡ್ ಹಾಲು. ಅವಸರಕ್ಕೆ ಕುದಿಯುವಾಗಲೇ ಸುರಿದರೆ ಹಾಲು ಒಡೆಯುತ್ತದೆ, ಅದಕ್ಕೆ ಕುಂಬಳಕಾಯಿಯನ್ನು ಬೈಯಬೇಡಿ. ಏಲಕ್ಕಿ, ಇಷ್ಟವಿದ್ದರೆ ಚೂರು ಒಣಶುಂಠಿ ಪುಡಿ. ಮೇಲೆ ಬೀಜ ಬೇಕೇ ಬೇಕೆಂದರೆ ಕಸದ ಬುಟ್ಟಿಗೆ ಹೋಗುವ ಮುನ್ನ ಅದೇ ಕಾಯಿಯದನ್ನು ತೊಳೆದು, ಒಣಗಿಸಿ, ಹುರಿದು, ಸುಲಿದು ಹತ್ತು ಕಾಳು ಹಾಕಿ. ಕಾಯಿಯ ಸಿಪ್ಪೆ ಚಟ್ನಿಗಾಗುತ್ತದೆ.

ಒಟ್ಟು 485 ಕ್ಯಾಲೊರಿಯ ಆಸುಪಾಸು, ನಾಲ್ವರಿಗೆ ಹಂಚಿದರೆ ತಲೆಗೆ 120. ಕಾಯಿದೆಯ 40ರ ಗೆರೆಯನ್ನು ಇದೂ ದಾಟುತ್ತದೆ, ಲೋ ಕ್ಯಾಲೊರಿ ಎಂದು ಬೋರ್ಡು ಹಾಕುವಂತಿಲ್ಲ. ತಿನ್ನಬಹುದು.

ಆದರೆ ಈ ಪಾಯಸಕ್ಕೆ ಭವಿಷ್ಯವಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಇದನ್ನು ತೋರಿಸಲು ಯಾರೂ ದುಡ್ಡು ಕೊಡುವುದಿಲ್ಲ. ಬಾದಾಮಿ ಹಿಟ್ಟಿನವರಿಗೆ, ಜೇನಿನವರಿಗೆ, ಗಾಣದ ಎಣ್ಣೆಯವರಿಗೆ, ಓವನ್ನಿನವರಿಗೆ ಇದರಲ್ಲಿ ಪಾಲಿಲ್ಲ. ತಳ್ಳುಗಾಡಿಯವನು ಪ್ರಾಯೋಜಕನಾಗಲಾರ, ಅವನ ಬಳಿ ರಿಯಾಯಿತಿ ಕೋಡ್ ಇಲ್ಲ. ಸಾಲದ್ದಕ್ಕೆ ಇಪ್ಪತ್ತು ನಿಮಿಷ ಒಲೆಯ ಮುಂದೆ ಕೈಯಾಡಿಸುವ ದೃಶ್ಯವನ್ನು ಮೂವತ್ತು ಸೆಕೆಂಡಿಗೆ ಇಳಿಸಿದರೆ ಉಳಿಯುವುದು ಬಾಣಲೆಯಲ್ಲಿ ಕೇಸರಿ ಮುದ್ದೆ. ಆದರೂ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯಾಕೆಗೆ ನಮ್ಮ ಮನೆಯವರು ಇದನ್ನೆಲ್ಲ ಸವಿಸ್ತಾರವಾಗಿ ಹೇಳಿದರು: ತೊಟ್ಟು, ಹಬೆ, ಉಪ್ಪು, ಹಾಲು ಒಡೆಯದ ಗುಟ್ಟು. ಆಕೆ ಮೊಬೈಲಿನಲ್ಲಿ ಅಕ್ಷರ ಬಿಡದೆ ಬರೆದುಕೊಂಡು, ಅತ್ಯಂತ ವಿನಯದಿಂದ ಕೇಳಿದರು:

"ತುಂಬಾ ಚೆನ್ನಾಗಿದೆ ಆಂಟಿ, ಇವತ್ತೇ ಮಾಡ್ತೀನಿ. ಆದ್ರೆ ನಮ್ಮನೇಲಿ ಕುಂಬಳಕಾಯಿ ಯಾರೂ ಮುಟ್ಟಲ್ಲ. ಅದರ ಬದಲು ಬೇರೆ ಏನು ಹಾಕಬಹುದು?"